ಇಸವಿ ಸರಿಯಾದ ಮೇಲೆ

ಜೈಲು ಸೂಪರಿಂಟೆಂಡೆಂಟ್ ಸಾಹೇಬರಿಗೆ ನಮಸ್ಕಾರ.

ನನ್ನ ಯಜಮಾನರ ಬಿಡುಗಡೆ 2030ಕ್ಕೆ. ನಿಮ್ಮ ಕಂಪ್ಯೂಟರಿಗೆ ಬರೀ ‘30’ ಎಂದು ಹಾಕಿದ್ದರಂತೆ, ಅದು 1930 ಎಂದುಕೊಂಡಿದೆ. ಹೋದ ವಾರ ಗೇಟಿನವರು, “ಅವ್ರನ್ನ ಬಿಟ್ಟಾಯ್ತಲ್ಲಮ್ಮ, ಇನ್ನೂ ಮನೆಗೆ ಬಂದಿಲ್ವಾ?” ಎಂದು ನನ್ನ ಯಜಮಾನರ ಕನ್ನಡಕವನ್ನು ನನ್ನ ಕೈಗಿತ್ತರು. 1930ರಲ್ಲಿ ಅವರಪ್ಪನೇ ಹುಟ್ಟಿರಲಿಲ್ಲ ಎಂದು ನಾನು ಕೂಗಾಡಿದ ಮೇಲೆ ಗುಮಾಸ್ತರು ಸೆಟ್ಟಿಂಗ್ ಬದಲಾಯಿಸಿ ಇಸವಿ ಸರಿಮಾಡಿದರು. ಈಗ ಕಂಪ್ಯೂಟರಿನ ಪ್ರಕಾರ ಅವರು ಒಳಗೇ ಇದ್ದಾರೆ. ಆದರೆ ಭೇಟಿಗೆ ಕೇಳಿದರೆ ಗೇಟಿನವರು ನನ್ನ ಮುಖ ನೋಡದೆ, “ನಾಳೆ ಬನ್ನಿ” ಎನ್ನುತ್ತಾರೆ.

ಕನ್ನಡಕ ಇದರ ಜೊತೆ ಕಳಿಸಿದ್ದೇನೆ. ಅದಿಲ್ಲದೆ ಅವರಿಗೆ ಎದುರಿಗಿರುವ ಬಾಗಿಲೂ ಕಾಣುವುದಿಲ್ಲ; ಅದನ್ನು ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ. ದಯವಿಟ್ಟು ಅವರ ಕೈಗೇ ಕೊಡಿಸಿ. ನನಗೆ ಮತ್ತೆ ವಾಪಸ್ ಕೊಡಬೇಡಿ.

ಗೇಟಿನ ಹೊರಗೆ ಕೂತಿರುವ,
ಅವರ ಹೆಂಡತಿ