ಹದಿನೇಳು ಕಡ್ಡಿ, ಒಂದು ಕಾಣೆ ಮೀನು

ಜನವರಿ 6, 2025. ಸೋಮವಾರ. ಬೆಳಿಗ್ಗೆ 6.10

ಹದಿನಾಲ್ಕು. ನಿನ್ನೆಯೂ ಹದಿನಾಲ್ಕೇ. ಹದಿನೈದನೆಯ ಕಡ್ಡಿ ಹಲ್ಲಿಗೆ ತಾಗಿತು, ಒಳಗೆ ಹೋಗಲಿಲ್ಲ.

ಬಿಗಿದ ದವಡೆ ಬಿಡಿಸಲು ಐಸ್‌ಕ್ರೀಮ್ ಕಡ್ಡಿಗಳ ಕಟ್ಟು. ರಬ್ಬರ್ ಬ್ಯಾಂಡ್ ಸುತ್ತಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ತುರುಕಿ, ಮೂವತ್ತರ ತನಕ ಎಣಿಸುವುದು. ಐದು ಸಲ. ದಿನಕ್ಕೆ ನಾಲ್ಕು ಹೊತ್ತು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಪಿ.ಟಿ. ಮಾಡಿಸಿದ ಪೂವಮ್ಮ ಟೀಚರಿಗೆ ಈಗ ದವಡೆಯ ಪಿ.ಟಿ.!

ಕೆನ್ನೆಯೊಳಗಿನ ಗಡ್ಡೆ ತೆಗೆದು ಎಂಟು ತಿಂಗಳು. ಆಮೇಲೆ ಮೂವತ್ತು ದಿನ ಕರೆಂಟ್, ಅಂದರೆ ರೇಡಿಯೇಶನ್. ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿದವಳು ನಾನೇ, ಯಾರನ್ನು ದೂರಲಿ. ಕ್ಯಾನ್ಸರ್ — ನೋಡು, ಈಗ ಪೂರ್ತಿ ಬರೆದೆ.

ಗಂಜಿ ಕುದಿಯುತ್ತಿದೆ. ಇವರಿಗೂ ಅದೇ ಗಂಜಿ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ, ಸ್ಟಾಪಿಗೊಂದು ಹೋಟೆಲು ಗೊತ್ತಿದ್ದವರು, ನನ್ನ ಎದುರು ಕೂತು ಗಂಜಿ ಸುರಿಯುತ್ತಾರೆ. ಗೊಣಗುವುದೂ ಇಲ್ಲ.

ಜನವರಿ 11. ಶನಿವಾರ

ಇವತ್ತು ಒಂದು ಸಂಗತಿ ಗೊತ್ತಾಯಿತು. ಕೋಪ, ಅಳು ಎರಡೂ ಒಟ್ಟಿಗೆ.

ಗೇಟಿನ ಹತ್ತಿರ ನಿಂತಿದ್ದೆ. ಮೀನಿನ ಅದ್ರಾಮ ಸ್ಕೂಟರಿನಲ್ಲಿ ಬಂದ. ಕೆಳಗಿನ ಮನೆಯ ಎದುರು ಪೋಂ ಪೋಂ ಮಾಡಿದವನು ನಮ್ಮ ಗೇಟು ಬಂದಾಗ ಸುಮ್ಮನೆ ದಾಟಿದ. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಯಾಕೆಂದು ಕೇಳಿದೆ. ನನ್ನ ಮಾತು ಅವನಿಗೆ ಎರಡನೆಯ ಸಲಕ್ಕೆ ತಿಳಿಯಿತು.

“ಟೀಚರ್, ನಿಮ್ಮ ಯಜಮಾನ್ರು ಕೂಸಪ್ಪಣ್ಣನೇ ಹೇಳಿದ್ದಾರೆ. ಈ ಗೇಟಿನ ಹತ್ರ ಹಾರ್ನ್ ಹಾಕ್ಬೇಡ, ಟೀಚರಿಗೆ ಬೇಜಾರಾಗ್ತದೆ ಅಂತ. ಪೇಟೆಯಲ್ಲಿ ಸಿಕ್ಕಿದ್ರೂ ಮೀನು ತಕ್ಕೊಳ್ಳುದಿಲ್ಲ ಅವ್ರು. ಎಂಟು ತಿಂಗಳಾಯ್ತು.”

ಎಂಟು ತಿಂಗಳು! ಬಂಗುಡೆ ಇಲ್ಲದಿದ್ದರೆ ತಟ್ಟೆ ಮುಟ್ಟದಿದ್ದ ಮನುಷ್ಯ!

ಒಳಗೆ ಬಂದು ಕೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

“ನಂಗೀಗ ಮೀನಿನ ಆಸೆಯೇ ಇಲ್ಲ ಮಾರಾಯ್ತಿ.”

ಸುಳ್ಳು ಹೇಳಲು ಕಲಿಯಲೇ ಇಲ್ಲ ಇವರು.

ಜನವರಿ 12. ಭಾನುವಾರ

ನಿರ್ಧಾರ ಆಯಿತು. ಪುತ್ತೂರಿನಲ್ಲಿ ಹೊಸದಾಗಿ ಮೀನೂಟದ ಹೋಟೆಲು ತೆರೆದಿದೆ. ನನ್ನ ಸ್ಟಾಫ್ ಗ್ರೂಪಿನಲ್ಲಿ ಫೋಟೋಗಳು... ಕಾಣೆ ರವಾ ಫ್ರೈ, ಅಂಜಲ್ ತವಾ, ಮರುವಾಯಿ ಸುಕ್ಕ, ಬಂಗುಡೆ ಪುಳಿಮುಂಚಿ. ನೋಡಿಯೇ ಬಾಯಲ್ಲಿ ನೀರು ಬರಬೇಕಿತ್ತು. ಕರೆಂಟಿನ ನಂತರ ನನ್ನ ಬಾಯಿಗೆ ನೀರು ಬರುವುದಿಲ್ಲ. ಆದರೂ ಏನೋ ಆಯಿತು, ಹೊಟ್ಟೆಯ ಕಡೆಯಿಂದ.

ಮಂಗಳೂರಿನ ಫಿಸಿಯೋ ಹುಡುಗಿ ಪ್ರೀತಿಕಾಳಿಗೆ ಫೋನು. “ಹದಿನೆಂಟು ಕಡ್ಡಿ ಆಗ್ಲಿ ಮೇಡಂ, ಹೋಟೆಲಿಗೂ ಹೋಗ್ಬಹುದು” ಎಂದಳು.

ಫೆಬ್ರವರಿ 16, ಭಾನುವಾರ. ಮ್ಯಾಚ್ ಡೇಟ್. ಇವರಿಗೆ ಹೇಳಿಲ್ಲ.

ಜನವರಿ 19. ಭಾನುವಾರ

ಹದಿನೈದು!! ಕಣ್ಣೀರು ಬಂತು, ಆದರೂ ಮೂವತ್ತು ಎಣಿಸಿದೆ. ಹುಡುಗಿಯರಿಗೆ ಖೋಖೋ ಗ್ರೌಂಡಿನಲ್ಲಿ “ಇನ್ನೊಂದು ರೌಂಡ್!” ಎಂದು ಕಿರುಚುತ್ತಿದ್ದೆನಲ್ಲ. ಅವರೆಲ್ಲ ನನಗೆ ಎಷ್ಟು ಶಾಪ ಹಾಕಿರಬೇಕು.

ಜನವರಿ 24. ಶುಕ್ರವಾರ

ಹದಿನಾರು ಹೋಗುವಂತಿದೆ. ಎಡಕೆನ್ನೆಯ ಒಳಗೆ ಏನೋ ಹುಣ್ಣು. ಗಾತ್ರ ಕಡಲೆಬೇಳೆಯಷ್ಟು. ಬರೆಯುವುದಿಲ್ಲ ಇವತ್ತು.

ಫೆಬ್ರವರಿ 6. ಗುರುವಾರ. ಸಂಜೆ

ಏನೂ ಇಲ್ಲ! ಏನೂ ಇಲ್ಲ! ಡಾಕ್ಟರು ಟಾರ್ಚ್ ಹಾಕಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಇವತ್ತು ರಿಪೋರ್ಟು. ಹಲ್ಲು ತಾಗಿ ಆದ ಗಾಯ, ಅಷ್ಟೇ.

ಹದಿಮೂರು ದಿನ ಹೇಗೆ ಕಳೆದವೋ. ಕಡ್ಡಿ ಮುಟ್ಟಲಿಲ್ಲ. ಡೈರಿಯನ್ನೂ ಮುಟ್ಟಲಿಲ್ಲ. ಇವರು ಅಂಗಳವನ್ನು ದಿನಕ್ಕೆ ಮೂರು ಸಲ ಗುಡಿಸಿದರು.

ಬರುವ ದಾರಿಯಲ್ಲಿ, ಪುತ್ತೂರು ದಾಟುವಾಗ ಆ ಹೋಟೆಲು ಕಂಡಿತು. ಬೆರಳು ತೋರಿಸಿದೆ. “ಹದಿನಾರನೇ ತಾರೀಕಿಗೆ ಅಲ್ಲಿ ಊಟ. ನೀವು, ನಾನು.” ಇವರು ಕಾರು ಬದಿಗೆ ನಿಲ್ಲಿಸಿಬಿಟ್ಟರು.

“ಅಲ್ಲಿ ಜನ ಇರ್ತಾರೆ ಪೂವಮ್ಮ.”

“ಇರ್ಲಿ. ನಾವೂ ಜನವೇ.”

ಫೆಬ್ರವರಿ 15. ಶನಿವಾರ

ಹದಿನೇಳು. ಇದಕ್ಕಿಂತ ಹೆಚ್ಚು ನಾಳೆಗೆ ಆಗದು. ಒಂದು ಕಡಿಮೆ ಇರಲಿ, ಹೋಗಿಯೇ ಹೋಗುವುದು. ಹಸಿರು ಸೀರೆ ಇಸ್ತ್ರಿ ಆಯಿತು. ಇವರು ಎರಡು ಸಲ ಶೇವ್ ಮಾಡಿಕೊಂಡರು! ಮದುವೆಯ ಹಿಂದಿನ ದಿನವೂ ಇಷ್ಟು ತಯಾರಿ ಇರಲಿಲ್ಲ.

ಫೆಬ್ರವರಿ 16. ಭಾನುವಾರ. ಸಂಜೆ 4.40

ಈಗಷ್ಟೇ ಮನೆಗೆ ಬಂದದ್ದು. ಸೀರೆ ಬದಲಿಸಿಲ್ಲ. ಮರೆಯುವ ಮೊದಲು ಬರೆಯಬೇಕು, ಎಲ್ಲವನ್ನೂ.

ಹೋಟೆಲು ತುಂಬ ಜನ. ಎಣ್ಣೆಯಲ್ಲಿ ಮೀನು ಬೀಳುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಗೋಡೆಯ ಬದಿಯ ಮೇಜು ಸಿಕ್ಕಿತು. ಸಪ್ಲೈಯರ್ ಬಂದ. ನಾನೇ ಹೇಳಿದೆ, “ಬಂಗುಡೆ ಪುಳಿಮುಂಚಿ, ನೀರುದೋಸೆ.” ನನ್ನ ನಾಲಿಗೆಗೆ ಅದು ಏನಾಗಿ ಬಂತೋ. ಅವನು ಇವರ ಕಡೆ ತಿರುಗಿ, “ಅವ್ರಿಗೆ ಎಂತ ಬೇಕಂತೆ?”

ಇವರು ಬಾಯಿ ತೆರೆದರು. ಮತ್ತೆ ಮುಚ್ಚಿದರು. “ಅವ್ರನ್ನೇ ಕೇಳಿ” ಎಂದರು.

ಮತ್ತೊಮ್ಮೆ ಹೇಳಿದೆ. ಮೂರನೆಯ ಸಲಕ್ಕೆ ಅವನು ಬರೆದುಕೊಂಡ. ಬೆವರು ಬಂದಿತ್ತು, ಆದರೆ ಗೆದ್ದೆ.

ಬಂಗುಡೆ ಬಂತು. ಕೆಂಪು ಮಸಾಲೆ, ಹುಣಸೆಯ ಪರಿಮಳ. ದೋಸೆಯ ಚೂರಿಗೆ ತಾಗಿಸಿ ಬಾಯಿಗಿಟ್ಟೆ... ಕೆಂಡ! ಕರೆಂಟಿನಿಂದ ಬೆಂದ ಬಾಯಿಗೆ ಖಾರ ತಡೆಯದು ಎಂದು ಹೇಳಿದ್ದರು, ಉತ್ಸಾಹದಲ್ಲಿ ಮರೆತಿದ್ದೆ. ಉಗುಳಲಾಗದು, ನುಂಗಲಾಗದು. ಎಡಬದಿಯ ತುಟಿಯಿಂದ ಸಾರು ಇಳಿದು ಹಸಿರು ಸೀರೆಯ ಮೇಲೆ ಬಿತ್ತು. ಪಕ್ಕದ ಮೇಜಿನ ಹೆಂಗಸು ನೋಡಿ, ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿದಳು. ಕುರ್ಚಿಯ ಕಾಲಿನ ಆ ಕಿರ್ರ್ ಸದ್ದು.

ಇವರು ತಮ್ಮ ಬಂಗುಡೆಯನ್ನು ಮುಟ್ಟಿರಲಿಲ್ಲ. “ಹೋಗುವ ಪೂವಮ್ಮ.”

ಎದ್ದೆ. ಆಗ ಎದುರಿನ ಮೇಜಿನಿಂದ ಒಂದು ಸ್ವರ. ನನ್ನದೇ ಸ್ವರ! ಗಂಡಸಿನ ಗಂಟಲಲ್ಲಿ, ಅಷ್ಟೇ ವ್ಯತ್ಯಾಸ. ಅದೇ ತೊದಲು, ಅದೇ ಒದ್ದೆ ‘ಷ’.

“ಅಕ್ಕ, ಎಷ್ಟು ಕಡ್ಡಿ ಆಯ್ತು ನಿಮ್ಗೆ?”

ದಪ್ಪ ಆಳು, ಅರವತ್ತು ಇರಬಹುದು. ಕಿವಿಯ ಕೆಳಗಿನಿಂದ ಕುತ್ತಿಗೆಯ ತನಕ ಹೊಲಿಗೆಯ ಗೆರೆ. ನನ್ನದು ಎಡಕ್ಕೆ, ಅವರದ್ದು ಬಲಕ್ಕೆ.

“ಹದಿನೇಳು” ಎಂದೆ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು!

“ಅಯ್ಯೋ ದೇವರೇ, ನಂಗೆ ಹದಿನಾರೇ! ಬ್ರಿಜಿತೇ, ಕೇಳಿದ್ಯಾ? ಈ ಅಕ್ಕ ನನ್ನನ್ನು ಸೋಲಿಸಿದ್ರು!”

ಕಡಬದ ಕಡೆಯವರು, ರಬ್ಬರ್ ತೋಟದ ಚಾಂಡಿ. ಪಕ್ಕದಲ್ಲಿ ಹೆಂಡತಿ ಬ್ರಿಜಿತ್. ಮೇಜು ಸೇರಿಸಲು ಹೇಳಿದ್ದೂ ಬ್ರಿಜಿತೇ. ಚಾಂಡಿ ಗಲ್ಲಾಪೆಟ್ಟಿಗೆಯ ಎದುರಿದ್ದ ಧಣಿ ಅಲಿ ಕುಂಞಿಯವರನ್ನು ಕೂಗಿದರು, “ಅಲಿ ಕುಂಞಿಯವ್ರೇ, ಅಕ್ಕನಿಗೂ ನನ್ನ ಮೀನು!”

ಮೆನುವಿನಲ್ಲಿ ಇಲ್ಲದ ಮೀನು ಅದು. ಪ್ರತಿ ಭಾನುವಾರ ಚಾಂಡಿಗಾಗಿಯೇ ಮಾಡುವುದಂತೆ. ಮುಳ್ಳು ಬಿಡಿಸಿದ ಕಾಣೆ, ತೆಂಗಿನ ಹಾಲು, ಚೂರು ಶುಂಠಿ, ಕರಿಬೇವು. ಮೆಣಸಿನ ಸುಳಿವಿಲ್ಲ. “ನೀರುದೋಸೆ ಅದ್ರಲ್ಲಿ ನೆನೆಸಿ. ಒಂದು ತುತ್ತಿಗೆ ಒಂದು ಗುಟುಕು ನೀರು. ಅವಸರ ಮಾಡಿದ್ರೆ ಔಟ್” ಎಂದರು ಚಾಂಡಿ. ನನಗೇ ಕೋಚಿಂಗ್!

ತಿಂದೆ. ಕಾಣೆ ನಾಲಿಗೆಯ ಮೇಲೆ ಬಿಡಿಬಿಡಿಯಾಗಿ ಕರಗಿತು. ಮೊದಲು ಏನೂ ತಿಳಿಯಲಿಲ್ಲ, ಹತ್ತಿಯ ಹಾಗೆ. ನಾಲ್ಕನೆಯ ತುತ್ತಿಗೆ ಸಿಹಿ ಬಂತು, ಕಾಯಿಹಾಲಿನ ಸಿಹಿ. ಅದರ ಹಿಂದೆ, ಬಹಳ ದೂರದಿಂದ, ಸಮುದ್ರ. ಒಂಬತ್ತು ತಿಂಗಳಲ್ಲಿ ಮೊದಲ ರುಚಿ. ಮೇಜು ಗುದ್ದಿದೆ. ಲೋಟ ಉರುಳಿತು.

ಇವರು ನನ್ನನ್ನೇ ನೋಡುತ್ತ ಕೂತಿದ್ದರು, ಬಂಗುಡೆ ಹಾಗೇ ಇತ್ತು. ಆಗ ಬಂತು ನೋಡು, ಗ್ರೌಂಡಿನ ಆ ಕಡೆಗೆ ಕೇಳುತ್ತಿದ್ದ ನನ್ನ ಹಳೆಯ ಸ್ವರ: “ತಿನ್ನಿ!”

ಇಡೀ ಹೋಟೆಲು ತಿರುಗಿತು. ಆ ಹೆಂಗಸು ಕೂಡ. ತಿರುಗಲಿ.

ಇವರು ತಿಂದರು. ತಣಿದಿದ್ದ ಎರಡು ಬಂಗುಡೆ. ಮತ್ತೆ ಎರಡು ಬಿಸಿ. ಮತ್ತೊಂದು ತುಂಡು ಅಂಜಲ್. ತಲೆ ಎತ್ತಿದ್ದಿಲ್ಲ. ಕೊನೆಗೆ ಬಾಳೆಲೆಯ ಬದಿಯಲ್ಲಿ ಮುಳ್ಳುಗಳು ಮಾತ್ರ, ಬಾಚಣಿಗೆಯ ಹಾಗೆ ಸ್ವಚ್ಛ. “ಆಸೆಯೇ ಇಲ್ಲ ಅಂದಿದ್ರಲ್ಲ?” ಎಂದೆ.

“ನಿನ್ನ ಎದುರು ತಿನ್ಲಿಕ್ಕೆ ಆಗ್ತಾ ಇರ್ಲಿಲ್ಲ ಪೂವಮ್ಮ. ಹೊರಗೆ ತಿಂದ್ರೆ... ಕದ್ದ ಹಾಗೆ ಆಗುದು.”

ಬ್ರಿಜಿತ್ ಸೆರಗಿನಿಂದ ಮೂಗು ಒರೆಸಿಕೊಂಡರು. ಊಟಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಯಾರೂ ಎಬ್ಬಿಸಲಿಲ್ಲ.

ಫೆಬ್ರವರಿ 22. ಶನಿವಾರ

ಚಾಂಡಿಯ ಫೋನು. ಸುಬ್ರಹ್ಮಣ್ಯದಲ್ಲಿ ದೇವಕಿ ಎಂಬವರು ಇದ್ದಾರಂತೆ, ಒಬ್ಬರೇ. ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿನ ಅಂಗಡಿ ಇತ್ತು. ದವಡೆಯ ಒಂದು ಭಾಗ ತೆಗೆದ ಮೇಲೆ ಒಂದು ವರ್ಷದಿಂದ ಮನೆಯ ಹೊರಗೆ ಬಂದಿಲ್ಲ. “ಗಂಡಸು ನಾನು ಹೇಳಿದ್ರೆ ಆಗುದಿಲ್ಲ, ನೀವು ಮಾತಾಡಿ ಅಕ್ಕ.”

ಮಾತಾಡಿದೆ, ಇಪ್ಪತ್ತು ನಿಮಿಷ. ಕಾಣೆ, ಕಾಯಿಹಾಲು, ಲೋಟ ಉರುಳಿದ್ದು ಎಲ್ಲ ಹೇಳಿದೆ. ನಾಳೆ ಊಟಕ್ಕೆ ಕಾರು ತರುತ್ತೇವೆ, ಬನ್ನಿ ಎಂದೆ. ಕೊನೆಗೆ ಆಚೆಯಿಂದ ಒಂದು ಪ್ರಶ್ನೆ, “ಜನ... ನೋಡುದಿಲ್ವಾ?”

“ನೋಡ್ತಾರೆ. ನಾವು ಊಟ ಮಾಡುದು.”

ಹೂಂ ಎನ್ನಲಿಲ್ಲ. ಊಹೂಂ ಎಂದೂ ಇಲ್ಲ.

ಫೆಬ್ರವರಿ 23. ಭಾನುವಾರ. ಬೆಳಿಗ್ಗೆ 10.50. ಸುಬ್ರಹ್ಮಣ್ಯ

ಕಾರಿನಲ್ಲಿ ಕೂತೇ ಬರೆಯುತ್ತಿದ್ದೇನೆ. ದೇವಕಿಯವರ ಮನೆಯ ಎದುರು, ಇಪ್ಪತ್ತು ನಿಮಿಷದಿಂದ. ಬಾಗಿಲು ಮುಚ್ಚಿದೆ. ಇವರು ಹಾರ್ನ್ ಹಾಕಲು ಹೋದರು, ಬೇಡವೆಂದೆ. ಮಡಿಲಲ್ಲಿ ಡೈರಿ, ಅಕ್ಷರ ಸೊಟ್ಟ. ಚಾಂಡಿ ಪುತ್ತೂರಿನಿಂದ ಎರಡು ಸಲ ಫೋನು ಮಾಡಿ ಆಯಿತು, ಐದು ಜನರಿಗೆ ಮೇಜು ಹಿಡಿದಿದ್ದಾರಂತೆ.

ಕಿಟಕಿಯ ಪರದೆ ಅಲ್ಲಾಡಿತು.

ಚಿಲಕದ ಸದ್ದು. ಬಾಗಿಲು ತೆರೆಯಿತು! ನೀಲಿ ಸೀರೆ. ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದಾರೆ. ಮೆಟ್ಟಿಲ ಮೇಲೆ ನಿಂತರು... ಹಿಂದೆ ತಿರುಗಿದರು. ಅಯ್ಯೋ, ಬೇಡ, ಬೇಡ —

ಇಲ್ಲ! ಬೀಗ ಹಾಕುತ್ತಿದ್ದಾರೆ. ಹೊರಗಿನಿಂದ! ಬರುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ನನ್ನ ಬ್ಯಾಗು ಇದೆ, ತೆಗೆಯಬೇಕು, ಬಾಗಿಲು ನಾನೇ —