ತಾರಾನಾಥಣ್ಣನ ಎಲೆಗೆ ಒಂದು ಲೋಟ ಶೇಂದಿ

ಅಲ್ ರಯ್ಯಾನ್, ದೋಹಾ
4-4-2003

ಪ್ರೀತಿಯ ಪೂವಕ್ಕಾ,

ನಿನ್ನ ಮಂಡಿನೋವು, ನಿನ್ನ ಬಾಯಿ ಎರಡೂ ಕಮ್ಮಿಯಾಗಿಲ್ಲವೆಂದು ಫೋನಿನಲ್ಲೇ ತಿಳಿಯಿತು. ನಾನು ಮಗಳ ಮನೆಯ ಏಸಿಯಲ್ಲಿ ಐಸ್ ಹಾಕಿದ ಬಂಗುಡೆಯಂತೆ ಬಿದ್ದುಕೊಂಡಿದ್ದೇನೆ. ನನ್ನದು ಮೂರನೇ ಕ್ಲಾಸಿನ ಅಕ್ಷರ, ನಿಧಾನ ಕೂಡಿಸಿ ಓದು. ಸೊಸೆಯ ಕೈಗೆ ಕೊಡಬೇಡ.

ಇಲ್ಲಿ ದಿನವಿಡೀ ಟಿವಿಯಲ್ಲಿ ಇರಾಕಿನ ಯುದ್ಧ. ಮೊನ್ನೆ ಹಡಗಿನಿಂದ ಕ್ಷಿಪಣಿ ಎದ್ದಾಗ, ಅದರ ಬಾಲದ ತಂತಿ ಎಲ್ಲಿ ಎಂದು ಕೇಳಿಬಿಟ್ಟೆ. ಮೊಮ್ಮಗಳು ಅಕ್ಷಯಾ, ಮಿಸೈಲ್‌ಗೆ ವೈರ್ ಎಂತಕ್ಕಜ್ಜೀ, ಅದೆಂತ ಗಾಳಿಪಟವಾ ಎಂದು ಬಿದ್ದು ಬಿದ್ದು ನಕ್ಕಳು. ಹೌದು ಮಾರಾಯ್ತಿ, ನಮ್ಮ ಕಾಲದಲ್ಲಿ ಗಾಳಿಪಟವೇ ಎಂದೆ. ನಮ್ಮೂರ ದಡದ ಸರ್ಕಾರಿ ಶೆಡ್ಡಿನಲ್ಲಿ, ಹಡಗು ಮುಳುಗಿಸುವ ಕ್ಷಿಪಣಿಗೆ ತಂತಿ ಸುತ್ತಿದ್ದು ಬಲೆ ಕಟ್ಟುವ ನಮ್ಮ ಬೆರಳುಗಳೆಂದು ಅವಳಿಗೇನು ಗೊತ್ತು?

ನೆನಪಿದೆಯಲ್ಲ, ಕೂದಲಿನಂಥ ತಂತಿ. ಹಾರುತ್ತ ಹೋದಂತೆ ಅದು ಉರುಳೆಯಿಂದ ಬಿಚ್ಚಿಕೊಳ್ಳಬೇಕು, ದಡದಲ್ಲಿ ಕೂತ ನಿನ್ನ ಗಂಡ ತಾರಾನಾಥಣ್ಣ ಹಿಡಿ ತಿರುಗಿಸಿದತ್ತ ಕ್ಷಿಪಣಿ ತಿರುಗಬೇಕು. ನೇವಿಯಲ್ಲಿದ್ದು ಬಂದ ಅವರಿಗೆ ಮಾತ್ರ ಆ ಹಿಡಿ ಕೊಡುತ್ತಿದ್ದರು. ಸುತ್ತುವಾಗ ತಂತಿ ತುಂಡಾದರೆ ಇಡೀ ಉರುಳೆ ಬಿಸಾಡಿ ಎಂದು ಸಾಹೇಬರು ದಿನಾ ಬಡಕೊಳ್ಳುತ್ತಿದ್ದರು.

ಕೊನೆಯ ಪರೀಕ್ಷೆಯ ಉರುಳೆ ನನ್ನದು. ತುಂಡಾಯಿತು. ಬಿಸಾಡಲಿಲ್ಲ. ತುಂಡಾದ ಹಗ್ಗ ಬಿಸಾಡುವ ಮನೆಯಲ್ಲಿ ನಾವು ಹುಟ್ಟಿದ್ದೇವೆಯೇ? ತುದಿ ಕೆರೆದು, ಹೊಸೆದು, ಬಲೆಯ ಗಂಟು ಹಾಕಿದೆ. ತೊರಕೆ ಮೀನು ಎಳೆದರೂ ಬಿಚ್ಚದ ಗಂಟೆಂದು ಜಂಬ ಬೇರೆ.

ಮರುದಿನ ಆ ಗಂಟು ಉರುಳೆಯಲ್ಲಿ ಸಿಕ್ಕಿಕೊಂಡಿತು, ಜಗ್ಗಿ ಹೊರಬರುವಾಗ ಅದರ ಪಕ್ಕದಲ್ಲೇ ತಂತಿ ಕಡಿಯಿತು, ಗಂಟು ದಡದ ಕಡೆಯ ತುಂಡಿನಲ್ಲಿ ಉಳಿಯಿತು. ಕ್ಷಿಪಣಿ ಓರೆಯಾಗಿ ಕಡಲಿಗೆ ಬಿತ್ತು. ತಾನು ಎಡಕ್ಕೆ ತಿರುಗಿಸಿದರೂ ಅದು ಕೇಳಲಿಲ್ಲ ಎಂದು ತಾರಾನಾಥಣ್ಣ ಸಾರಿ ಸಾರಿ ಹೇಳಿದರು. ಹಿಂದಿನ ಸಂಜೆ ಅವರು ಶೇಂದಿಯ ಗಡಂಗಿನಲ್ಲಿ ಕೂತಿದ್ದರೆಂದು ಯಾರೋ ಚಾಡಿ ಹೇಳಿದರು. ಶೇಂದಿಯಿಂದ ಕೈ ನಡುಗಿತೆಂದು ಕಾಗದದಲ್ಲಿ ಬರೆದು ಕೆಲಸದಿಂದ ತೆಗೆದರು. ನೀನೂ ಅದನ್ನೇ ಹೇಳಿದೆ, ಅವರು ಸಾಯುವ ತನಕ ಹೇಳಿದೆ. ಪಕ್ಕದಲ್ಲಿ ನಿಂತು ನಾನು ಹೂಂಗುಟ್ಟಿದೆ. ಊರಿಗೆಲ್ಲ ಉದ್ದವಾದ ನನ್ನ ನಾಲಿಗೆ ಆ ಒಂದು ಮಾತಿಗೆ ಮಾತ್ರ ಹೊರಳಲಿಲ್ಲ.

ಮುಂದಿನ ತಿಂಗಳು ಅವರ ತಿಥಿ, ಎಲೆ ಹಾಕಿ ಬಡಿಸುವ ದಿನ. ಕೋಳಿ, ರೊಟ್ಟಿ ಎಲ್ಲ ಇಡುತ್ತೇನೆ, ಮನೆ ಹಾಳು ಮಾಡಿದ ಶೇಂದಿ ಒಂದು ಇಡುವುದಿಲ್ಲ ಎಂದು ನೀನು ಮೊನ್ನೆಯೂ ಫೋನಿನಲ್ಲಿ ಅಂದೆ. ಹತ್ತೊಂಬತ್ತು ವರ್ಷದಿಂದ ಬಾಯಾರಿಕೊಂಡೇ ಎದ್ದು ಹೋಗುತ್ತಿದ್ದಾರೆ ಪೂವಕ್ಕಾ. ಈ ಸಲ ಒಂದು ಲೋಟ ಇಡು. ಮನೆ ಹಾಳು ಮಾಡಿದ್ದು ಶೇಂದಿಯಲ್ಲ, ನಾನು.

ಬೈಯುವುದಿದ್ದರೆ ಶುಕ್ರವಾರ ಬೆಳಿಗ್ಗೆ ಫೋನ್ ಮಾಡು. ಎಲ್ಲರೂ ಸಂತೆಗೆ ಹೋಗಿರುತ್ತಾರೆ, ಮನಸಾರೆ ಬೈಯಬಹುದು.

ನೀನು ಒಪ್ಪಿದರೆ ಇನ್ನೂ ನಿನ್ನವಳೇ,
ಬಾಗಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲು ಕೈ ಬಾರದ್ದು. ತಾರಾನಾಥಣ್ಣನಿಗೆ ಗೊತ್ತಿತ್ತು. ಆ ಸಂಜೆ ದಡದಲ್ಲಿ ಬಿದ್ದ ತಂತಿಯಿಂದ ನನ್ನ ಗಂಟನ್ನು ಕತ್ತರಿಸಿ ತಂದು ಕೈಯಲ್ಲಿಟ್ಟರು. ನನ್ನವರು ತೀರಿಹೋಗಿ ಆಗ ಮೂರೇ ತಿಂಗಳು, ಮಗಳು ಹಾಲು ಕುಡಿಯುವ ಕೂಸು. ಬಾವಿಗೆ ಹಾಕು ಬಾಗೀ, ಪೂವುಗೆ ಹೇಳಬೇಡ, ಅವಳ ಬಾಯಿ ನಿಲ್ಲುವುದಿಲ್ಲ ಎಂದು ನಕ್ಕರು. ನಾನು ಬಾವಿಗೆ ಹಾಕಲಿಲ್ಲ. ಲಕೋಟೆಯ ತಳದಲ್ಲಿ ನೋಡು. ಇನ್ನೂ ಬಿಚ್ಚಿಲ್ಲ.