ಪಿನ್‌ಖಾಮಳನ್ನು ಹೊಳೆಗೆ ವಾಪಸು ಕಳಿಸಿದವರಿಗೆ

ಲಾವೋ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಅಕ್ಕನ ಮಗಳು ಪಿನ್‌ಖಾಮಳ ಜೀವಕಳೆ ಮನೆ ಬಾಗಿಲಿಗೆ ಬಂದಿತ್ತು. ನಿಮ್ಮ ಕೇಂದ್ರದವರು ಅದನ್ನು ಮೆಟ್ಟಿಲ ಬುಡದಲ್ಲೇ ತಡೆದು ಮೇಕಾಂಗ್ ಹೊಳೆಗೆ ವಾಪಸು ಅಟ್ಟಿದರು. ನೀವು ಬಂದು ಅದರ ಕ್ಷಮೆ ಕೇಳಬೇಕು. ವಿಷಯ ಇಷ್ಟೇ. ಆದರೆ ಅಡಿಟಿಪ್ಪಣಿ ಇಲ್ಲದ ಅಳು ವಿದ್ವಾಂಸರ ಕಿವಿಗೆ ಬೀಳುವುದಿಲ್ಲವಂತೆ. ಆದ್ದರಿಂದ ಉದ್ದಕ್ಕೇ ಬರೆಯುತ್ತೇನೆ. ಇದರ ಒಂದು ಪ್ರತಿಯನ್ನು ನಮ್ಮ ಬಾನ್ ಹಾತ್‌ಸಾಯ್ ಊರಿನ ವಿಹಾರದ ಗೋಡೆಗೂ ಅಂಟಿಸಿದ್ದೇನೆ. ನೀವು ಓದದಿದ್ದರೆ ಊರು ಓದುತ್ತದೆ.

ನಾನು ಯಾರು ಎಂದು ಕೇಳುತ್ತೀರಿ. ನಾನು ಅಕ್ಷರ ಕಲಿತದ್ದು ಆ ವಿಹಾರದಲ್ಲೇ, ಭಿಕ್ಷುಗಳ ಬೆತ್ತದ ಕೆಳಗೆ. ಪದವಿ ಗಿದವಿ ಇಲ್ಲ. ಆದರೂ ಹೊಳೆಯ ಈ ದಡದಲ್ಲೂ ಆ ದಡದಲ್ಲೂ ನನ್ನಂತೆ ಖೇನ್ ವಾದ್ಯ ಊದುವವನಿಲ್ಲ. ಮಳೆ ಬೇಡುವ ಹಬ್ಬದಲ್ಲಿ ನಾನು ಮದ್ದು ತುಂಬಿ ಹಾರಿಸಿದ ಬಿದಿರಿನ ಬಾಣ ಇನ್ನೂ ಕೆಳಗೆ ಬಿದ್ದಿಲ್ಲವೆಂದು ಹೇಳುವವರಿದ್ದಾರೆ. ಹೇಳುವವನು ನಾನೇ ಆದರೂ ಎದುರಾಡಿದವರಿಲ್ಲ. ಸುಳ್ಳು ಹೇಳುವುದರಲ್ಲಂತೂ ಜಿಲ್ಲೆಯಲ್ಲಿ ನನಗೆ ಸಮನಿಲ್ಲ ಎಂದುಕೊಂಡಿದ್ದೆ. ನಿಮ್ಮ ಕೇಂದ್ರ ಅಚ್ಚು ಹಾಕಿಸಿದ ಪುಸ್ತಕ ಓದಿದ ಮೇಲೆ ಆ ಜಂಬ ಇಳಿದುಹೋಯಿತು. ಎಂಥ ಕೈಚಳಕ! ಎಂಥ ನುಣುಪು ಕಾಗದ!

ಕಳೆದ ಮಳೆಗಾಲದಲ್ಲಿ ಪಿನ್‌ಖಾಮ್ ಮತ್ತು ಅವಳ ಗಂಡ ಸುಲಿಯಾ ಹೊಳೆ ದಾಟುತ್ತಿದ್ದ ದೋಣಿ ಮಗುಚಿತು. ಸುಲಿಯಾ ಕೆಳಗಿನ ತಿರುವಿನಲ್ಲಿ ಮೀನಿನ ಬಲೆಗೆ ಸಿಕ್ಕ, ಹೆಣವಾಗಿ. ಪಿನ್‌ಖಾಮಳನ್ನು ಜೀವಂತ ಎಳೆದರು. ಎಳೆದದ್ದು ಮೈಯನ್ನು ಮಾತ್ರ. ಮಾತಿಲ್ಲ, ತಿನ್ನಿಸಿದರೆ ತಿಂದಳು, ಕೂರಿಸಿದರೆ ಕೂತಳು. ಒಳಗಿನ ಜೀವಕಳೆ, ನಾವು ಖ್ವಾನ್ ಅನ್ನುವುದು, ಹೊಳೆಯಲ್ಲೇ ಉಳಿದುಬಿಟ್ಟಿತ್ತು. ಇದಕ್ಕೆ ಏನು ಮಾಡಬೇಕೆಂದು ನಮ್ಮೂರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೋರುಬಲೆಯೊಳಗೆ ಅವಳು ಉಟ್ಟುಬಿಟ್ಟ ಬಟ್ಟೆ, ಒಂದು ಉಂಡೆ ಅಂಟಕ್ಕಿ ಅನ್ನ, ಬೇಯಿಸಿದ ಮೊಟ್ಟೆ ಇಟ್ಟು, ಬಿದ್ದ ಜಾಗದಲ್ಲಿ ನೀರಿನ ಮೇಲೆ ಗೋರಿ, ಹೆಸರು ಹಿಡಿದು ಕರೆಯುತ್ತ ಮನೆಗೆ ತರುತ್ತಾರೆ. ಬಟ್ಟೆಯ ವಾಸನೆ ಹಿಡಿದು ಜೀವಕಳೆ ಬರುತ್ತದೆ. ಮನೆ ಮುಟ್ಟುವವರೆಗೆ ನಿಲ್ಲಬಾರದು, ತಿರುಗಬಾರದು.

ಅಷ್ಟರಲ್ಲಿ ನೀವು ಕಳಿಸಿದ ಸಂಶೋಧಕ ಬಂದಿಳಿದ. ಜಿಲ್ಲಾ ಕಚೇರಿಯ ಕೆಂಪು ಮೊಹರು, ಜೊತೆಗೆ ಎರಡು ಕ್ಯಾಮೆರಾ. ನಮ್ಮ ಜನ ಮೊಹರಿಗೆ ಹೆದರುವಷ್ಟು ಹುಲಿಗೂ ಹೆದರುವುದಿಲ್ಲ. ನನ್ನಕ್ಕ ಥೊಂಗ್‌ಸೀ ಬಲೆ ಹಿಡಿದು ಹೊಳೆಯಿಂದ ಬಂದಳು. "ಬಾ ಮಗಳೇ ಪಿನ್‌ಖಾಮ್, ನೀರು ತಣ್ಣಗಿದೆ, ಅಲ್ಲಿರಬೇಡ, ಅಮ್ಮ ಬಂದಿದೀನಿ, ಬಾ" ಎಂದು ದಾರಿಯುದ್ದಕ್ಕೂ ಕರೆದಳು. ಮೆಟ್ಟಿಲ ಮೇಲೆ ಗೊಂಬೆಯಂತೆ ಕೂತಿದ್ದ ಪಿನ್‌ಖಾಮ್ ತಲೆ ಎತ್ತಿದಳು. ದೋಣಿ ಮಗುಚಿದ ಮೇಲೆ ಮೊದಲ ಸಲ. ತುಟಿ ಅಲುಗಿತು. ನಾನು ಪಕ್ಕದಲ್ಲೇ ಇದ್ದೆ, ಕಂಡಿದ್ದೇನೆ. ಅಕ್ಕ ಕೆಳಗೆ ನಿಂತು, ಸಂಪ್ರದಾಯದಂತೆ "ಬಂದಳೇನ್ರೇ?" ಎಂದು ಕೂಗಿದಳು. ಮೇಲಿದ್ದ ಹೆಂಗಸರು "ಬಂದಳು!" ಎನ್ನಲು ಬಾಯಿ ತೆರೆದರು.

"ನಿಲ್ಲಿ ನಿಲ್ಲಿ!" ಅಂದ ನಿಮ್ಮ ಸಂಶೋಧಕ. "ಅಮ್ಮಾ, ಆ ಬಲೆಯೊಳಗೆ ಇರೋದು ಏನು?"

"ಅವಳ ಅಂಗಿ ಕಣಪ್ಪಾ."

"ಟೀ ಶರ್ಟಾ? ಅದರ ಮೇಲೆ ತಂಪು ಪಾನೀಯದ ಜಾಹೀರಾತಿದೆ. ಇದನ್ನ ಸಂಪ್ರದಾಯ ಅಂತ ಹೆಂಗೆ ತೋರಿಸೋದು? ರೇಷ್ಮೆದು ಯಾವುದಾದ್ರೂ ಇಡಿ. ಇನ್ನೊಂದ್ಸಲ ಹೊಳೆಯಿಂದ ಬನ್ನಿ. ಅವಳಿಗೂ ಬಟ್ಟೆ ಬದಲಾಯಿಸಿ, ಗಲ್ಲ ಚೂರು ಎಡಕ್ಕೆ ತಿರುಗಿಸಿ."

"ಅವಳು ಬಾಗಿಲಿಗೆ ಬಂದಿದಾಳಲ್ಲೋ ಪುಣ್ಯಾತ್ಮಾ!" ಎಂದೆ ನಾನು.

"ಹತ್ತು ನಿಮಿಷದ ಕೆಲಸ ಮಾವಾ, ಯಾಕಿಷ್ಟು ಗಾಬರಿ?"

ಊರಿನ ಮುಖಂಡ ಅಕ್ಕನ ಬೆನ್ನಿಗೆ ಕೈ ಹಚ್ಚಿ ತಿರುಗಿಸಿದ. ಮುಖಂಡನ ಹೆಂಡತಿ ಉಡುವ ರೇಷ್ಮೆ ಸಿನ್ ಲಂಗ ಬಲೆಗೆ ಬಂತು. ಅಂಗಿ ಬೇಲಿಯ ಮೇಲೆ ಬಿತ್ತು. ಎರಡನೇ ಸಲ ನಾವು ಯಾರ ಜೀವಕಳೆಯನ್ನು ಗೋರಿ ತಂದೆವೋ ನನಗೆ ಗೊತ್ತಿಲ್ಲ. ಮುಖಂಡನ ಹೆಂಡತಿ ಮಾತ್ರ ಅಂದಿನಿಂದ ಇಬ್ಬರಷ್ಟು ಉಣ್ಣುತ್ತಿದ್ದಾಳೆ, ಇಬ್ಬರಷ್ಟು ಬಯ್ಯುತ್ತಿದ್ದಾಳೆ. ಪಿನ್‌ಖಾಮಳ ತಲೆ ಕೆಳಗೆ ಬಿತ್ತು, ಮತ್ತೆ ಏಳಲಿಲ್ಲ.

ನಿಮ್ಮ ಪುಸ್ತಕದ ಮುಖಪುಟದಲ್ಲಿ ಮಾತ್ರ ಅವಳು ಬಹಳ ಚೆನ್ನಾಗಿದ್ದಾಳೆ. ಗಲ್ಲ ಎಡಕ್ಕಿದೆ. ಒಳಗೆ "ವಿಧಿಯ ನಂತರ ಬಾಧಿತೆಯು ಸಮುದಾಯದ ಆಸರೆಯಲ್ಲಿ ಚೇತರಿಸಿಕೊಂಡಳು" ಎಂದಿದೆ. ಮಾನ್ಯರೇ, ಯಾವಾಗ? ಯಾವ ಊರಲ್ಲಿ? ಅವಳು ಚೇತರಿಸಿಕೊಂಡದ್ದನ್ನು ಹೆತ್ತ ತಾಯಿಗೂ ತಿಳಿಸದೆ ನಿಮಗೊಬ್ಬರಿಗೇ ತಿಳಿಸಿದಳೇ? ಈಗಲೂ ದಾರಿಹೋಕ ಪ್ರವಾಸಿ ಯಾರಾದರೂ ಮೊಬೈಲು ಎತ್ತಿದರೆ ಆ ಹುಡುಗಿ, ಅನ್ನ ಬೇಕೆಂದು ಕೂಡ ಕೇಳಲಾರದ ಆ ಹುಡುಗಿ, ತಾನಾಗಿ ಗಲ್ಲ ಎಡಕ್ಕೆ ತಿರುಗಿಸುತ್ತಾಳೆ. ನಿಮ್ಮ ಕೇಂದ್ರ ಅವಳಿಗೆ ಮಾಡಿದ ಚಿಕಿತ್ಸೆ ಅದು. ಮುಂದಿನ ಮುದ್ರಣದಲ್ಲಿ ಸೇರಿಸಿಕೊಳ್ಳಿ.

ಇನ್ನೊಮ್ಮೆ ಕರೆಯಿರಿ, ಅಷ್ಟೇ ತಾನೇ ಎನ್ನುತ್ತೀರಿ. ಅಕ್ಕ ಒಪ್ಪುತ್ತಿಲ್ಲ. "ಮನೆ ತನಕ ಕರ್ಕೊಂಡು ಬಂದು ಬಾಗ್ಲಲ್ಲಿ ನೂಕಿದ್ವಿ. ಇನ್ನು ಯಾವ ಬಾಯಲ್ಲಿ ಕರೀಲಿ? ನೂಕಿದೋರು ಮೊದ್ಲು ಸೊಮ್ಮಾ ಹೇಳ್ಲಿ" ಎನ್ನುತ್ತಾಳೆ. ಐದು ಜೋಡಿ ಹೂವು, ಐದು ಜೋಡಿ ಮೇಣದಬತ್ತಿ ಹಿಡಿದು ಮಂಡಿಯೂರಿ ತಪ್ಪಾಯಿತೆನ್ನುವ ಆ ಕ್ರಮ ನಿಮಗೆ ತಿಳಿಯದೇನಲ್ಲ. ಅದರ ಮೇಲೆ ನೀವೇ ಒಂದು ಇಡೀ ಅಧ್ಯಾಯ ಬರೆದಿದ್ದೀರಿ. ನಮ್ಮ ಮುಖಂಡ ಮಂಡಿಯೂರಿ ಆಯಿತು. ಹೆದರಿ ಊರಿದ್ದೋ ಪಶ್ಚಾತ್ತಾಪದಿಂದಲೋ, ಅಂತೂ ಊರಿದ. ಉಳಿದವರು ನೀವು.

ಅದಕ್ಕೇ ರಾಜಧಾನಿಗೆ ಬಸ್ಸು ಹತ್ತಿ ಬಂದಿದ್ದೆ. ನಿಮ್ಮ ಬಾಗಿಲಿನವಳು "ಸಾಹೇಬ್ರು ಸಿಗಲ್ಲ, ಜನರ ದನಿಗೆ ಕಿವಿಗೊಡೋದು ಹೇಗೆ ಅಂತ ಭಾಷಣ ಮಾಡ್ತಿದಾರೆ" ಎಂದಳು. ನಿಮ್ಮ ಸಂಶೋಧಕ ಸಿಕ್ಕ. ಕಾಫಿ ಕೊಡಿಸಿದ, ಒಳ್ಳೆಯ ಹುಡುಗ, ಮರದ ತುಂಡಿನಷ್ಟು ಒಳ್ಳೆಯವನು.

"ಮಾವಾ, ಜೀವಕಳೆ ಅನ್ನೋದು ಒಂದು ಸಂಕೇತ. ಸಂಕೇತದ ಹತ್ರ ಕ್ಷಮೆ ಕೇಳೋದು ಹೆಂಗೆ?"

"ಆಯ್ತಪ್ಪಾ," ಎಂದೆ. "ನೀನು ಹೊಳೆಗೆ ಬಿದ್ದಾಗ ನನ್ನನ್ನ ಕರಿ. ಸಂಕೇತದ ಹಗ್ಗ ಎಸೀತೀನಿ."

ಅವನು ನಕ್ಕು ಅದನ್ನೂ ಬರೆದುಕೊಂಡ.

ಈಗ ಮತ್ತೆ ಮಳೆ ಬಿದ್ದಿದೆ, ಹೊಳೆ ಕೆಂಪಗೆ ಏರುತ್ತಿದೆ. ಪಿನ್‌ಖಾಮ್ ಸಂಜೆಯಾದರೆ ತಾನಾಗಿಯೇ ಎದ್ದು ನೀರಿನ ಕಡೆ ನಡೆಯುತ್ತಾಳೆ. ಜೀವಕಳೆ ಮನೆಗೆ ಬಾರದಿದ್ದರೆ ಮೈಯೇ ಅದನ್ನು ಹುಡುಕಿಕೊಂಡು ಹೋಗುತ್ತದೆ. ಮೊನ್ನೆ ಕುತ್ತಿಗೆವರೆಗೆ ಇಳಿದಿದ್ದಳು, ಜುಟ್ಟು ಹಿಡಿದು ಎಳೆದು ತಂದೆ. ಈಗ ಅಕ್ಕ ಅವಳ ಸೊಂಟಕ್ಕೂ ತನ್ನ ಸೊಂಟಕ್ಕೂ ಒಂದೇ ಪಂಚೆ ಬಿಗಿದು, ಹಾಗೆಯೇ ಅಡುಗೆ ಮಾಡುತ್ತಾಳೆ, ಹಾಗೆಯೇ ಮಲಗುತ್ತಾಳೆ. ಹೆತ್ತವಳು ಎಷ್ಟು ದಿನ ಹಗ್ಗವಾಗಿರಬಲ್ಲಳು?

ಆದ್ದರಿಂದ ನನ್ನ ಬೇಡಿಕೆ. ನೀವೇ ಬರಬೇಕು, ಆ ಹುಡುಗನನ್ನೂ ಕರೆತರಬೇಕು. ಕ್ಯಾಮೆರಾ ಬೇಡ. ನಂಬಿಕೆ ಇಲ್ಲದಿದ್ದರೂ ಮಂಡಿ ಇದೆಯಲ್ಲ, ಅದನ್ನು ಊರಿದರೆ ಸಾಕು. ಅಷ್ಟಾದರೆ ಅಕ್ಕ ಬಲೆ ಎತ್ತುತ್ತಾಳೆ. ಸಭೆ, ಕಡತ, ಅನುಮೋದನೆ ಎಂದು ತಡಮಾಡಿದಿರೋ, ಆಮೇಲೆ ಅಂತ್ಯಸಂಸ್ಕಾರದ ಮೇಲೆ ಪುಸ್ತಕ ಬರೆಯೋಣವೆಂದು ಹೊರಡಬೇಡಿ. ನೀರಿನಲ್ಲಿ ಸತ್ತವರನ್ನು ನಾವು ಮನೆಯೊಳಗೆ ತರುವುದಿಲ್ಲ, ಸುಡುವುದೂ ಇಲ್ಲ. ಸಿಕ್ಕ ದಿನವೇ ಹೂಳುತ್ತೇವೆ. ರಾಜಧಾನಿಯ ಬಸ್ಸು ನಮ್ಮೂರು ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿ, ಎಲ್ಲರೂ ಕೈಕಾಲು ತೊಳೆದುಕೊಂಡಿರುತ್ತಾರೆ.

ಇಂತಿ,
ಬಾಯಿ ಊರಗಲವಿದ್ದೂ ಆ ದಿನ ಒಂದು ಮೊಹರಿನ ಮುಂದೆ ಅದನ್ನು ಮುಚ್ಚಿಕೊಂಡ,
ಪಿನ್‌ಖಾಮಳ ಸೋದರಮಾವ
ಇನ್‌ಪೇಂಗ್